ಸನ್ನಿ: ಒಂದು ರೋಗಲಕ್ಷಣದ ಚರಿತ್ರೆ

ಮನೆಯ ಹಿರಿಯರೊಬ್ಬರಿಗೆ ಜ್ವರವೇರಿ, ಅವರು ಎದುರಿಗೆ ನಿಂತ ಮಗನ ಗುರುತನ್ನು ಹಿಡಿಯದೆ, ಗತಿಸಿ ಎಷ್ಟೋ ವರ್ಷಗಳಾದ ತಾಯಿಯನ್ನು ಕೂಗಿ ಕರೆಯತೊಡಗಿದರೆ, ಕನ್ನಡ ನಾಡಿನ ಮನೆಗಳಲ್ಲಿ ಅದಕ್ಕೆ ಸನ್ನಿಯೆಂದು ಹೆಸರು. ಸಂಸ್ಕೃತದ ಸನ್ನಿಪಾತವೆಂಬ ಶಾಸ್ತ್ರಶಬ್ದವೇ ಜನರ ಬಾಯಲ್ಲಿ ಸವೆದು ಸನ್ನಿಯಾಯಿತು. ಬಾಣಂತಿಗೆ ಬಂದರೆ ಅದು ಬಾಣಂತಿ ಸನ್ನಿ. ಕಾಲಕ್ರಮದಲ್ಲಿ ಈ ಮಾತು ಬೈಗುಳವಾಗಿಯೂ ಇಳಿದುಹೋಯಿತು. ವಿವೇಕವಿಲ್ಲದೆ ನಡೆದವನನ್ನು "ನಿನಗೇನು ಸನ್ನಿ ಹಿಡಿದಿದೆಯೆ?" ಎಂದು ಕೇಳುವುದು ಇಂದಿಗೂ ರೂಢಿಯಲ್ಲಿದೆ. ಮೈಯ ರೋಗವೊಂದರ ಹೆಸರು ಹೀಗೆ ಬುದ್ಧಿಗೇಡಿತನದ ಹೆಸರಾದುದರಲ್ಲಿಯೇ ಈ ರೋಗಲಕ್ಷಣದ ದುರದೃಷ್ಟವೆಲ್ಲವೂ ಅಡಗಿದೆ.

ಪ್ರಾಚೀನ ವೈದ್ಯರು ಇದನ್ನು ಹುಚ್ಚಿನೊಡನೆ ಬೆರಸಲಿಲ್ಲ. ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳೂ ಒಮ್ಮೆಗೇ ಕೆರಳಿ ಒಂದಾಗಿ ಬೀಳುವುದೇ ಸನ್ನಿಪಾತವೆಂಬುದು ಅವರ ಮತ. ಚರಕಸಂಹಿತೆಯು ಸನ್ನಿಪಾತಜ್ವರದಲ್ಲಿ ಹದಿಮೂರು ಭೇದಗಳನ್ನು ಹೇಳುವುದು. ಅದರ ಲಕ್ಷಣಗಳನ್ನು ಎಣಿಸುವಾಗ ತಂದ್ರೆ, ಮೋಹ, ಪ್ರಲಾಪಗಳ ಸಾಲಿನಲ್ಲಿಯೇ ಕೆಮ್ಮನ್ನೂ ಏದುಸಿರನ್ನೂ ಸೇರಿಸಿರುವುದು ಗಮನಾರ್ಹವಾದುದು. ವಾಗ್ಭಟನು ಇನ್ನೊಂದು ಸೂಕ್ಷ್ಮವನ್ನು ಕಂಡನು. ಇಂತಹ ರೋಗಿಯು ಹಗಲೆಲ್ಲ ಗಾಢವಾಗಿ ನಿದ್ರಿಸಿ ಇರುಳೆಲ್ಲ ಎಚ್ಚರವಿರುವನೆಂದು ಅವನು ಬರೆದಿರುವನು. ನಿದ್ರೆಯ ಕ್ರಮವು ಹೀಗೆ ತಲೆಕೆಳಗಾಗುವುದನ್ನು ಇಂದಿನ ವೈದ್ಯರೂ ಈ ಸ್ಥಿತಿಯ ಮುಖ್ಯವಾದ ಕುರುಹುಗಳಲ್ಲಿ ಒಂದೆಂದು ಭಾವಿಸುವರು.

ಪಶ್ಚಿಮದವರು ಇದಕ್ಕೆ ಡೆಲೀರಿಯಂ ಎನ್ನುವರು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಾರ್ಥವು ಉಳುವಾಗ ಸಾಲು ತಪ್ಪುವುದು ಎಂದು. ನೇಗಿಲು ಮುರಿದಿಲ್ಲ, ಎತ್ತು ಬಿದ್ದಿಲ್ಲ. ಸಾಲು ಮಾತ್ರ ತಪ್ಪಿದೆ. ಒಕ್ಕಲು ಮಕ್ಕಳಿಗೆ ಬೇರೆ ವಿವರಣೆ ಬೇಕಿಲ್ಲ.

ಶ್ವಾಸಕೋಶಕ್ಕೆ ತಗಲುವ ಜ್ವರವು ಮಿದುಳನ್ನು ಕದಡುವುದು ದೊಡ್ಡ ಪ್ರಮಾಣದಲ್ಲಿ ಕಣ್ಣಿಗೆ ಬಿದ್ದುದು ಇನ್‌ಫ್ಲುಯೆಂಜಾದ ಮಹಾಮಾರಿಗಳಲ್ಲಿ. 1918ರ ಜೂನ್ ತಿಂಗಳಲ್ಲಿ ಆ ಜ್ವರವು ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡಿತು. ಮಳೆಗಾಲ ಮುಗಿಯುವ ವೇಳೆಗೆ ಅದರ ಎರಡನೆಯ ಅಲೆಯು ಮೈಸೂರು ಸಂಸ್ಥಾನವನ್ನೊಳಗೊಂಡು ದೇಶವನ್ನೆಲ್ಲ ವ್ಯಾಪಿಸಿತು. ಭಾರತದಲ್ಲಿ ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಒಂದು ಕೋಟಿಗೂ ಮೀರಿ ಅಂದಾಜು ಮಾಡಿರುವರು. 1911ರ ಜನಗಣತಿಗಿಂತ 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯು ಕಡಮೆಯಾಗಿ ಕಂಡಿತೆಂಬುದೇ ಆ ಪ್ರಹಾರಕ್ಕೆ ಸಾಕ್ಷಿ. ಅಂತಹ ಸಾವುಗಳ ನಡುವೆ ರೋಗಿಗಳ ಕನವರಿಕೆಯನ್ನು ಕುಳಿತು ಬರೆದುಕೊಳ್ಳುವ ಅವಕಾಶ ಎಲ್ಲಿಯದು?

ಅವಕಾಶವಿದ್ದ ಕಡೆ ಒಬ್ಬ ವೈದ್ಯನು ಅದನ್ನು ಬರೆದಿಟ್ಟನು. ಅಮೆರಿಕಾದ ಬಾಸ್ಟನ್ ನಗರದಲ್ಲಿದ್ದ ಕಾರ್ಲ್ ಮೆನಿಂಗರನು, ಇನ್‌ಫ್ಲುಯೆಂಜಾದ ಸಂಬಂಧದಿಂದ ಚಿತ್ತವಿಕಾರಕ್ಕೊಳಗಾಗಿ ಮಾನಸಿಕ ಆಸ್ಪತ್ರೆಯನ್ನು ಸೇರಿದ ನೂರು ಮಂದಿಯ ವೃತ್ತಾಂತವನ್ನು 1919ರಲ್ಲಿ ಪ್ರಕಟಿಸಿದನು. ಅವರಲ್ಲಿ ಅನೇಕರಿಗೆ, ಆ ಕಾಲದಲ್ಲಿ ವಾಸಿಯಾಗದೆಂದು ನಂಬಿದ್ದ ಬುದ್ಧಿವಿಕಾರದ ಹೆಸರನ್ನು ಹಚ್ಚಲಾಗಿದ್ದಿತು. ಕೆಲವು ವರ್ಷಗಳ ಮೇಲೆ ಮೆನಿಂಗರನು ಅವರನ್ನು ಮತ್ತೆ ಹುಡುಕಿ ನೋಡಿದಾಗ, ಸಿಕ್ಕವರಲ್ಲಿ ಹೆಚ್ಚಿನವರು ಗುಣಹೊಂದಿದ್ದರು. ಹುಚ್ಚೆಂದು ಬರೆದುಬಿಟ್ಟುದು ಹುಚ್ಚಾಗಿರಲಿಲ್ಲ. ಜ್ವರದ ಪೆಟ್ಟು ತಿಂದ ಮಿದುಳಿನ ಸಂಕಟವಾಗಿದ್ದಿತು.

ಅದೇ ಕಾಲದಲ್ಲಿ, 1917ರಲ್ಲಿ, ವಿಯೆನ್ನಾದ ಫಾನ್ ಇಕಾನಮೋ ಎಂಬ ವೈದ್ಯನು ಒಂದು ವಿಚಿತ್ರವಾದ ನಿದ್ರಾರೋಗವನ್ನು ವರ್ಣಿಸಿದನು. ಮಿದುಳಿನ ಉರಿಯೂತದಿಂದ ಉಂಟಾಗುತ್ತಿದ್ದ ಅದು ಹತ್ತು ವರ್ಷಗಳಿಗೂ ಮಿಕ್ಕು ಲೋಕವನ್ನು ಕಾಡಿ ಮರೆಯಾಯಿತು. ಅದು ಇನ್‌ಫ್ಲುಯೆಂಜಾದ ಮಗುವೆಂದು ಬಹುಕಾಲ ಅನೇಕರು ನಂಬಿದ್ದರು. ಆದರೆ ಕಾಪಿಟ್ಟಿದ್ದ ಮಿದುಳಿನ ಅಂಶಗಳನ್ನು ಈಚೆಗೆ ಪರೀಕ್ಷಿಸಿದವರಿಗೆ 1918ರ ವೈರಾಣುವಿನ ಸುಳಿವು ದೊರೆಯಲಿಲ್ಲ. ಒಟ್ಟಿಗೆ ಬಂದವೆಲ್ಲ ಒಂದೇ ಬೇರಿನವಲ್ಲವೆಂಬ ಪಾಠ ಇದರಲ್ಲಿದೆ.

ಮನುಷ್ಯನ ಇನ್‌ಫ್ಲುಯೆಂಜಾ ವೈರಾಣುವನ್ನು ಲಂಡನ್ನಿನ ವಿಜ್ಞಾನಿಗಳು ಬೇರ್ಪಡಿಸಿದುದು 1933ರಲ್ಲಿ. ಸನ್ನಿಯ ನಿಜಸ್ವರೂಪವು ತಿಳಿಯಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಎಂಗೆಲ್ ಮತ್ತು ರೊಮಾನೋ ಎಂಬ ಅಮೆರಿಕಾದ ವೈದ್ಯರಿಬ್ಬರು, ಸನ್ನಿಯಲ್ಲಿರುವವರ ಮಿದುಳಿನ ವಿದ್ಯುತ್ ತರಂಗಗಳು ನಿಧಾನವಾಗುವುದನ್ನೂ, ರೋಗವು ಇಳಿದಂತೆ ಅವು ಮೊದಲಿನ ಗತಿಗೆ ಬರುವುದನ್ನೂ ಕಂಡರು. ಹೃದಯವೂ ಮೂತ್ರಪಿಂಡವೂ ಸೋಲುವಂತೆ ಮಿದುಳೂ ತಾತ್ಕಾಲಿಕವಾಗಿ ಸೋಲುವುದು, ಆ ಸೋಲಿನ ಹೆಸರೇ ಡೆಲೀರಿಯಂ ಎಂದು ಅವರು 1959ರಲ್ಲಿ ಪ್ರತಿಪಾದಿಸಿದರು. ವೈರಾಣುವು ಮಿದುಳಿನೊಳಕ್ಕೇ ನುಗ್ಗಬೇಕೆಂಬ ನಿಯಮವಿಲ್ಲ. ಶ್ವಾಸಕೋಶವು ಕೆಟ್ಟು ರಕ್ತದಲ್ಲಿ ಆಮ್ಲಜನಕ ಕಡಮೆಯಾಗುವುದು, ರೋಗದೊಡನೆ ಹೋರಾಡುವಾಗ ಶರೀರವೇ ಹೊರಸೂಸುವ ಉರಿಯೂತದ ದ್ರವ್ಯಗಳು, ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ, ನಿದ್ರಾಭಂಗ, ಮಂಪರಿನ ಔಷಧಗಳು, ಇವೆಲ್ಲವೂ ಕೂಡಿಯೇ ಮಿದುಳನ್ನು ಸೋಲಿಸುವುವು. ಹಲವು ದೋಷಗಳು ಒಮ್ಮೆಗೇ ಬೀಳುವುದೆಂಬ ಸನ್ನಿಪಾತಶಬ್ದದ ಅರ್ಥವು ಇಲ್ಲಿ ನೆನಪಿಗೆ ಬಾರದಿರದು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವುಂಟು. ನಗರದ ದಕ್ಷಿಣಕ್ಕಿರುವ ಬಿಟಿಎಂ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಮೊದಲಕ್ಷರ ಮಾತ್ರವಾಗಿ ಉಳಿದಿರುವುವು. ಅಲ್ಲಿಂದ ಡೇರಿ ವೃತ್ತವನ್ನು ದಾಟಿ ಉತ್ತರಕ್ಕೆ ಸ್ವಲ್ಪ ದೂರ ಸಾಗಿದರೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯು ಸಿಕ್ಕುವುದು. 1847ರಲ್ಲಿ ಬೆಂಗಳೂರಿನಲ್ಲಿ ಹುಚ್ಚರ ಆಸ್ಪತ್ರೆಯಾಗಿ ಆರಂಭವಾದ ಚಿಕಿತ್ಸಾಲಯಕ್ಕೆ ಮೈಸೂರು ಸರ್ಕಾರವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಗೌರವದ ಹೆಸರನ್ನಿತ್ತಿತು. 1937ರಲ್ಲಿ ಅದು ಈಗಿನ ವಿಶಾಲವಾದ ಸ್ಥಳಕ್ಕೆ ಬಂದಿತು. ಆಗ ಆ ಬಡಾವಣೆಯಿರಲಿಲ್ಲ. ಆ ಮೂರೂ ಹಳ್ಳಿಗಳಾಗಿಯೇ ಇದ್ದುವು. 1954ರಲ್ಲಿ ಅಖಿಲ ಭಾರತ ಸಂಸ್ಥೆಯು ಅದರೊಡನೆ ಸ್ಥಾಪಿತವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಎರಡೂ ಕೂಡಿ ಮನಸ್ಸನ್ನೂ ನರಮಂಡಲವನ್ನೂ ಒಂದೇ ಆವರಣದಲ್ಲಿ ನೋಡುವ ಇಂದಿನ ಸಂಸ್ಥೆಯಾಯಿತು.

ಮನೋರೋಗದ ಚಿಕಿತ್ಸೆಗೆ ಮನೆಯವರನ್ನು ಹೊರಗಿಡಬಾರದೆಂಬುದು ಭಾರತದ ವೈದ್ಯರು ಲೋಕಕ್ಕೆ ತೋರಿಸಿದ ದಾರಿಗಳಲ್ಲಿ ಒಂದು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯೊಡನೆ ಬಂಧುಗಳನ್ನೂ ಇರಿಸಿಕೊಂಡರು. ವೆಲ್ಲೂರಿನಲ್ಲಿಯೂ ಅಂತಹ ಏರ್ಪಾಡು ಬೆಳೆಯಿತು. 1970ರ ದಶಕದಲ್ಲಿ ಬೆಂಗಳೂರಿನ ಸಂಸ್ಥೆಯೂ ಕುಟುಂಬಚಿಕಿತ್ಸೆಯನ್ನು ಕೈಗೊಂಡಿತು. ಮನೆಮಂದಿ ಸರದಿಯಂತೆ ರೋಗಿಯ ಬಳಿ ಕುಳಿತು ಹೆಸರು ಹಿಡಿದು ಮಾತಾಡಿಸುವ ಹಳೆಯ ರೂಢಿಗೆ ಇದರಿಂದ ಶಾಸ್ತ್ರದ ಮನ್ನಣೆ ದೊರೆಯಿತು. ಹಳೆಯ ರೂಢಿಯೆಲ್ಲವೂ ಒಳ್ಳೆಯದೆಂದಲ್ಲ. ಗಾಳಿ ಸೋಕಿದೆಯೆಂದು ಹೊಗೆ ಹಾಕಿದುದೂ, ಎಳೆಯ ಮಕ್ಕಳ ಮೈಮೇಲೆ ಬರೆಯೆಳೆದುದೂ ಅದೇ ಮನೆಗಳಲ್ಲಿ. ಬಿಡತಕ್ಕುದನ್ನು ಬಿಟ್ಟ ಮೇಲೂ ಬಳಿಯಲ್ಲಿ ಕುಳಿತಿರುವುದೆಂಬುದು ಉಳಿಯಿತು.

2020ರಲ್ಲಿ ಕೋವಿಡ್ ಬಂದಾಗ ಕಳೆದುಹೋದುದು ಅದೇ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಮೊದಲ ರೋಗಿಯು ಪತ್ತೆಯಾದನು. ಅದೇ ತಿಂಗಳಲ್ಲಿ ಕಲಬುರಗಿಯ ವೃದ್ಧರೊಬ್ಬರ ಮರಣವು ಈ ರೋಗದಿಂದ ಭಾರತದಲ್ಲಾದ ಮೊದಲ ಮರಣವೆಂದು ದಾಖಲಾಯಿತು. 2021ರ ಮೇ ತಿಂಗಳ ಆರಂಭದಲ್ಲಿ ರಾಜ್ಯದ ಒಂದು ದಿನದ ಹೊಸ ರೋಗಿಗಳ ಎಣಿಕೆಯು 50,000ವನ್ನು ದಾಟಿತು. ಸೋಂಕಿನ ಭಯದಿಂದ ಬಂಧುಗಳಿಗೆ ಪ್ರವೇಶವಿರಲಿಲ್ಲ. ಶುಶ್ರೂಷೆ ಮಾಡುವವರು ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡಿದ್ದರು. ಅವರ ಮುಖ ಕಾಣದು, ಮಾತು ಸ್ಪಷ್ಟವಾಗದು. ಹಗಲಿರುಳುಗಳ ಭೇದವಿಲ್ಲದ ದೀಪದ ಬೆಳಕು, ಯಂತ್ರಗಳ ಸದ್ದು. ಆರೋಗ್ಯವಂತನಿಗೂ ದಿಕ್ಕು ತಪ್ಪುವ ಅಂತಹ ಎಡೆಯಲ್ಲಿ ಕನ್ನಡಕವನ್ನೂ ಶ್ರವಣಯಂತ್ರವನ್ನೂ ಮನೆಯಲ್ಲಿಯೇ ಬಿಟ್ಟುಬಂದ ಮುದುಕರ ಪಾಡನ್ನು ವಾಚಕರೇ ಊಹಿಸಬಹುದು.

ಅದರ ಫಲವನ್ನು ಲೋಕದ ವೈದ್ಯರು ಎಣಿಸಿ ನೋಡಿದರು. ಹದಿನಾಲ್ಕು ದೇಶಗಳ 69 ತೀವ್ರನಿಗಾ ಘಟಕಗಳಲ್ಲಿ ಕೋವಿಡ್ ರೋಗಿಗಳು 2,088 ಮಂದಿಯನ್ನು ಪರಿಶೀಲಿಸಿದಾಗ, 1,147 ಮಂದಿಗೆ, ಎಂದರೆ ಅರ್ಧಕ್ಕೂ ಹೆಚ್ಚು ಜನರಿಗೆ, ಸನ್ನಿಯಾಗಿದ್ದಿತು. ಬೆಂಜೊಡಯಜಪೀನ್ ಎಂಬ ವರ್ಗದ ಮಂಪರಿನ ಔಷಧವನ್ನು ಪಡೆದವರಲ್ಲಿ ಅದರ ಸಂಭವವು ಹೆಚ್ಚಾಗಿಯೂ, ಮನೆಯವರು ಬಂದು ಕಂಡು ಹೋದವರಲ್ಲಿ ಕಡಮೆಯಾಗಿಯೂ ಇದ್ದಿತು. ಎದುರಿಗೆ ಬರಲಾಗದೆ ದೂರದಿಂದ ಪರದೆಯ ಮೇಲೆ ಮುಖ ತೋರಿಸಿ ಮಾತಾಡಿದುದನ್ನೂ ಈ ಭೇಟಿಯಲ್ಲಿ ಸೇರಿಸಲಾಗಿದ್ದಿತು. 2021ರಲ್ಲಿ ಪ್ರಕಟವಾದ ಈ ಅಂಕಿಗಳು, ಅಜ್ಜಿಯರು ಅಂಕಿಯಿಲ್ಲದೆ ಅರಿತಿದ್ದುದನ್ನೇ ಹೇಳುತ್ತಿರುವುವು.

ಇನ್ನೊಂದು ಸಂಗತಿಯು ಮನೆಗಳಲ್ಲಿ ಎಲ್ಲರೂ ತಿಳಿದಿರತಕ್ಕುದು. ಅಮೆರಿಕಾದ ಆಸ್ಪತ್ರೆಗಳಿಗೆ ಕೋವಿಡ್ಡಿನಿಂದ ಬಂದ 817 ಮಂದಿ ವೃದ್ಧರಲ್ಲಿ 226 ಮಂದಿಗೆ ಬಂದಾಗಲೇ ಸನ್ನಿಯಿದ್ದಿತು. ಅವರಲ್ಲಿ 84 ಮಂದಿಗೆ ಜ್ವರವಾಗಲಿ ಏದುಸಿರಾಗಲಿ, ಈ ರೋಗದ ಸಾಮಾನ್ಯ ಲಕ್ಷಣವಾವುದೂ ಇರಲಿಲ್ಲ. ಎಂದರೆ, ಮುಪ್ಪಿನಲ್ಲಿ ರೋಗವು ಮೊದಲು ಬುದ್ಧಿಯ ಬಾಗಿಲನ್ನು ತಟ್ಟಬಹುದು. ಸನ್ನಿಯು ಯಾವಾಗಲೂ ಕೂಗಾಟವಾಗಿಯೇ ಬರುವುದೂ ಇಲ್ಲ. ನಿನ್ನೆಯವರೆಗೆ ಮಾತಾಡುತ್ತಿದ್ದವರು ಇಂದು ಗೋಡೆಯ ಕಡೆಗೆ ತಿರುಗಿ ಸುಮ್ಮನೆ ಮಲಗಿದ್ದರೆ, "ವಯಸ್ಸಾಯಿತು, ದಣಿದಿದ್ದಾರೆ" ಎಂದು ಎಲ್ಲರೂ ಬಿಟ್ಟುಬಿಡುವರು. ಈ ಮೌನದ ಸನ್ನಿಯು ಕಣ್ಣಿಗೆ ಬೀಳದೆ ಹೋಗುವುದರಿಂದಲೇ ಹೆಚ್ಚು ಅಪಾಯಕರವಾದುದು. ಒಂದೆರಡು ದಿನಗಳಲ್ಲಿ ಹೀಗೆ ಬದಲಾದವರನ್ನು ತಡಮಾಡದೆ ವೈದ್ಯರಿಗೆ ತೋರಿಸತಕ್ಕುದು.

ಇದನ್ನು ತಡೆಯುವ ಉಪಾಯಗಳು ದುಬಾರಿಯಾದುವಲ್ಲ. ಕೋವಿಡ್ಡಿಗೆ ಎಷ್ಟೋ ಮುಂಚೆ, 1999ರಲ್ಲಿಯೇ, ಅಮೆರಿಕಾದ ಶೇರನ್ ಇನೋಯೆ ಮತ್ತು ಅವರ ಸಂಗಡಿಗರು ಆಸ್ಪತ್ರೆಯ 852 ಮಂದಿ ವೃದ್ಧರಲ್ಲಿ ಇವನ್ನು ಪ್ರಯೋಗಿಸಿ ನೋಡಿದ್ದರು. ಕನ್ನಡಕವನ್ನೂ ಶ್ರವಣಯಂತ್ರವನ್ನೂ ಕೊಡುವುದು, ಬಾಯಾರದಂತೆ ನೀರು ಕುಡಿಸುವುದು, ಕೈಹಿಡಿದು ನಾಲ್ಕು ಹೆಜ್ಜೆ ನಡೆಸುವುದು, ಇರುಳು ನಿದ್ರೆಗೆ ಭಂಗ ಬಾರದಂತೆ ನೋಡಿಕೊಳ್ಳುವುದು, ಇಂದು ಯಾವ ದಿನ, ಇದು ಯಾವ ಊರು ಎಂದು ಮಾತಾಡಿಸುವುದು, ಇಷ್ಟೇ ಆ ಚಿಕಿತ್ಸೆ. ನೂರಕ್ಕೆ 15ರಷ್ಟಿದ್ದ ಸನ್ನಿಯು ಇದರಿಂದ ನೂರಕ್ಕೆ 10ರಷ್ಟಕ್ಕೆ ಇಳಿಯಿತು.

ಸನ್ನಿಯಿಂದ ಎದ್ದವರಲ್ಲಿ ಕೆಲವರಿಗೆ ತಾವಾಡಿದ ಮಾತುಗಳು ಅರೆಬರೆಯಾಗಿ ನೆನಪಿರುವುವು. ಅವರು ನಾಚಿ ಮೌನವಾಗುವರು. ಕೆಲವರಿಗೆ ತಿಂಗಳುಗಳವರೆಗೆ ಮರೆವು ಉಳಿಯುವುದೂ ಉಂಟು. ಅವರನ್ನು ಪರಿಹಾಸ್ಯ ಮಾಡಲಾಗದು. ಅವರಾಡಿದುದನ್ನು ಮನಸ್ಸಿನಲ್ಲಿಟ್ಟುಕೊಳ್ಳಲೂ ಆಗದು. ಸಾಲು ತಪ್ಪಿದ ನೇಗಿಲನ್ನು ಬೇಸಾಯಗಾರನು ಬಯ್ಯುವುದಿಲ್ಲ, ಮೆಲ್ಲಗೆ ಮತ್ತೆ ಸಾಲಿಗೆ ತಿರುಗಿಸುವನು. ಆ ಕೆಲಸಕ್ಕೆ ವೈದ್ಯನೊಬ್ಬನೇ ಸಾಲನು, ಹೆಸರು ಹಿಡಿದು ಕರೆಯುವ ಪರಿಚಿತವಾದ ದನಿಯೊಂದು ಹಾಸಿಗೆಯ ಬಳಿ ಇರಬೇಕು.