ದುಬೈನಿಂದ ತಂದ ಊದುಬತ್ತಿ ಬೆಂಗಳೂರಿನದ್ದಾಗಿತ್ತು!

ಇವತ್ತಿನ ವಿಷಯ ಸಣ್ಣದು ಅನ್ನಿಸಬಹುದು. ಹೊರದೇಶಕ್ಕೆ ಹೋದಾಗ ಮನೆಗೆ ಏನು ತರಬೇಕು? ತಂದಿದ್ದು ಆ ಊರಿನದ್ದೇ ಅಂತ ಹೇಗೆ ಗೊತ್ತಾಗುತ್ತೆ? ಈ ಪ್ರಶ್ನೆ ಹಿಡಿದು ಹೊರಟ್ರೆ ಎಂಟುನೂರು ವರ್ಷದ ಇತಿಹಾಸ ಸಿಗುತ್ತೆ. ಆದ್ರೆ ಮೊದಲು ನಾನು ಬೇಸ್ತು ಬಿದ್ದ ಕಥೆ ಕೇಳಿ.

ನಾನು ದಾವಣಗೆರೆ ಜಿಲ್ಲೆಯ ಚನ್ನಗಿರಿಯವನು. ಮೊದಲ ಸಲ ವಿಮಾನ ಹತ್ತಿದ್ದು ದುಬೈಗೆ, ನಾಲ್ಕು ದಿನದ ಪ್ರವಾಸ. ಕೊನೇ ದಿನ ಸಂಜೆ ಅಲ್ಲಿನ ಅಬ್ರಾ ಅನ್ನೋ ಮರದ ದೋಣಿಯಲ್ಲಿ ಕ್ರೀಕ್ ದಾಟಿ ದೇರಾದ ಮಸಾಲೆ ಮಾರ್ಕೆಟ್ಟಿಗೆ ಹೋದೆ. ಅಜ್ಜಿಗೆ ಅಂತ ಬಂಗಾರದ ಬಣ್ಣದ ಡಬ್ಬಿಯಲ್ಲಿದ್ದ ಊದುಬತ್ತಿ ತಗೊಂಡೆ. ತಂಗಿಗೆ ಒಂಟೆ ಚಿತ್ರದ ಫ್ರಿಜ್ ಮ್ಯಾಗ್ನೆಟ್, ಗೆಳೆಯರಿಗೆ ಕೀಚೈನ್. ಚೌಕಾಸಿ ಮಾಡಿ ಗೆದ್ದೆ ಅಂತ ಬೀಗಿದ್ದೂ ಆಯ್ತು.

ಮನೆಗೆ ಬಂದು ಡಬ್ಬಿ ಕೊಟ್ಟೆ. ಅಜ್ಜಿ ಮೂಗಿನ ಹತ್ರ ಹಿಡಿದು, "ಘಮ ಚೆನ್ನಾಗೈತೆ ಕಣೋ ತಮ್ಮಾ" ಅಂದ್ಲು. ತಂಗಿ ಡಬ್ಬಿ ಇಸ್ಕೊಂಡು ತಿರುಗಿಸಿ ನೋಡಿದ್ಲು. ಹಿಂದೆ ಸಣ್ಣ ಅಕ್ಷರದಲ್ಲಿ ಬೆಂಗಳೂರಿನ ವಿಳಾಸ! ಮ್ಯಾಗ್ನೆಟ್ ಹಿಂದೆ 'ಮೇಡ್ ಇನ್ ಚೀನಾ'. ಇಡೀ ಮನೆ ನಕ್ಕಿತು. ಅಜ್ಜಿ ಮಾತ್ರ ಸಮಾಧಾನವಾಗಿ ಹೇಳಿದ್ಲು: "ಬೆಂಗಳೂರಿಂದ ದುಬೈಗೆ ಹೋಗಿ ಚನ್ನಗಿರಿಗೆ ಬಂದೈತೆ. ನಿನಗಿಂತ ಜಾಸ್ತಿ ಊರು ಸುತ್ತೈತೆ ಬಿಡು."

ಆ ರಾತ್ರಿ ನನಗೆ ನಿಜಕ್ಕೂ ಬೇಜಾರಾಯ್ತು. ದುಡ್ಡು ಹೋಗಿದ್ದಕ್ಕಲ್ಲ. ನಾಲ್ಕು ದಿನ ಒಂದು ಊರಲ್ಲಿ ಇದ್ದು, ಆ ಊರಿನ ಒಬ್ಬರ ಕೈಕೆಲಸವನ್ನೂ ಮುಟ್ಟದೆ ವಾಪಸ್ ಬಂದೆನಲ್ಲ ಅಂತ.

ನಮ್ಮ ಮನೆ ದೇವರ ಕೋಣೆಯಲ್ಲಿ ಒಂದು ಪುಟ್ಟ ತಾಮ್ರದ ಗಿಂಡಿ ಇದೆ. ಬಾಯಿಗೆ ಬೆಸುಗೆ ಹಾಕಿದೆ, ಒಳಗೆ ಗಂಗೆ. ಅಜ್ಜಿಯ ಅತ್ತೆ ಕಾಶಿಯಿಂದ ತಂದಿದ್ದು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಇಂಥದ್ದು ಇರುತ್ತೆ. ಕಾಶಿಗೆ ಹೋದವರು ಗಂಗೆ, ಕಾಶಿದಾರ ತರ್ತಾರೆ. ದಾರವನ್ನ ಬೀದಿಯವರಿಗೆಲ್ಲ ಹಂಚ್ತಾರೆ. 'ಸುವನೀರ್' ಅನ್ನೋ ಪದ ಬರೋ ಮೊದಲೇ ನಮ್ಮಲ್ಲಿ ಈ ಪದ್ಧತಿ ಇತ್ತು. ಲೇಬಲ್ ಇಲ್ಲ, ಬಿಲ್ ಇಲ್ಲ. ಹೋಗಿ ಬಂದವರ ಮಾತೇ ಗ್ಯಾರಂಟಿ.

ಆದ್ರೆ ಯಾತ್ರಿಕರು ಹೆಚ್ಚಾದ ಕಡೆ ವ್ಯಾಪಾರ ಬರುತ್ತೆ, ವ್ಯಾಪಾರ ಬಂದ ಕಡೆ ನಕಲಿನೂ ಬರುತ್ತೆ. ಸ್ಪೇನ್ ದೇಶದಲ್ಲಿ ಸಾಂತಿಯಾಗೊ ಅಂತ ಒಂದು ಕ್ರೈಸ್ತ ಯಾತ್ರಾಸ್ಥಳ ಇದೆ. ಮಧ್ಯಯುಗದಲ್ಲಿ ಯುರೋಪಿನ ಮೂಲೆ ಮೂಲೆಯಿಂದ ಜನ ಅಲ್ಲಿಗೆ ನಡ್ಕೊಂಡು ಹೋಗೋರು. ಹೋಗಿ ಬಂದ ಗುರುತು ಒಂದು ಸಮುದ್ರದ ಚಿಪ್ಪು. ಅದನ್ನ ಟೋಪಿಗೋ ಜೋಳಿಗೆಗೋ ಹೊಲ್ಕೊಳ್ತಿದ್ರು. ದಾರಿಯಲ್ಲೇ, ಬೇರೆ ಊರುಗಳಲ್ಲೇ ಚಿಪ್ಪು ಮಾರೋರು ಹುಟ್ಕೊಂಡ್ರು. ಅಷ್ಟು ದೂರ ನಡೆಯೋದು ಯಾಕೆ, ಇಲ್ಲೇ ತಗೊಂಡ್ರಾಯ್ತು ಅಂತ! 13ನೇ ಶತಮಾನದ ಹೊತ್ತಿಗೆ ಪೋಪ್‌ಗಳೇ ಮಧ್ಯೆ ಬಂದ್ರು. ಸಾಂತಿಯಾಗೊ ಬಿಟ್ಟು ಬೇರೆ ಕಡೆ ಈ ಚಿಪ್ಪು ಮಾರಿದವರಿಗೆ ಧರ್ಮದಿಂದಲೇ ಬಹಿಷ್ಕಾರ ಹಾಕೋ ಅಧಿಕಾರವನ್ನ ಅಲ್ಲಿನ ಆರ್ಚ್‌ಬಿಷಪ್‌ಗೆ ಕೊಟ್ರು. ಇವತ್ತಿನ ಜಿಐ ಟ್ಯಾಗ್ ಇದೆಯಲ್ಲ, ಅದರ ಮುತ್ತಜ್ಜ ಅನ್ನಬಹುದು.

ಹಾಗಾದ್ರೆ ನನ್ನ ಮಾನ ಕಳೆದ ಆ 'ಮೇಡ್ ಇನ್' ಲೇಬಲ್ ಎಲ್ಲಿಂದ ಬಂತು? 1887ರಲ್ಲಿ ಬ್ರಿಟನ್ ಒಂದು ಕಾನೂನು ತಂತು. ಜರ್ಮನಿಯ ಅಗ್ಗದ ಸಾಮಾನು ಬ್ರಿಟಿಷ್ ಹೆಸರು ಹಾಕ್ಕೊಂಡು ಬರ್ತಿದೆ, ಮೂಲ ದೇಶದ ಹೆಸರು ಕಾಣೋ ಹಾಗೆ ಮಾಡಿದ್ರೆ ಜನ ಕೊಳ್ಳಲ್ಲ ಅನ್ನೋ ಲೆಕ್ಕ. ಆಗಿದ್ದು ಉಲ್ಟಾ. ಕ್ರಮೇಣ 'ಮೇಡ್ ಇನ್ ಜರ್ಮನಿ' ಅನ್ನೋದೇ ಒಳ್ಳೇ ಮಾಲಿನ ಗುರುತಾಗಿಬಿಡ್ತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ನನಗೆ ಆಗಿದ್ದು ನೂರು ವರ್ಷದ ಹಿಂದೆ ಮೈಸೂರು ಮಹಾರಾಜರಿಗೂ ಆಗಿತ್ತು ಅಂದ್ರೆ ನಂಬ್ತೀರಾ?

ಮೈಸೂರು ಸೀಮೆಯ ಶ್ರೀಗಂಧದ ಮರ ಬಹಳ ಕಾಲ ತುಂಡು ತುಂಡಾಗಿ ಹಡಗು ಹತ್ತಿ ಯುರೋಪಿಗೆ ಹೋಗ್ತಿತ್ತು. ಎಣ್ಣೆ ತೆಗೆಯೋ ಕೆಲಸ ಹೆಚ್ಚಾಗಿ ಜರ್ಮನಿಯಲ್ಲಿ. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯ್ತು, ಆ ದಾರಿ ಮುಚ್ಚಿತು. ಗಂಧದ ಮರ ಇಲ್ಲೇ ರಾಶಿ ಬಿತ್ತು. ಆಗ ಆಳ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯನವರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಇವತ್ತಿನ ಐಐಎಸ್‌ಸಿಯಲ್ಲಿ, ಎಣ್ಣೆ ಬಟ್ಟಿ ಇಳಿಸೋ ಪ್ರಯೋಗ ನಡೀತು. 1916ರಲ್ಲಿ ಮೈಸೂರಿನಲ್ಲಿ ಸರ್ಕಾರದ್ದೇ ಗಂಧದೆಣ್ಣೆ ಕಾರ್ಖಾನೆ ಬಂತು.

1918ರ ಹೊತ್ತಿಗೆ ಮಹಾರಾಜರಿಗೆ ಯಾರೋ ಒಂದು ಅಪರೂಪದ ಉಡುಗೊರೆ ಕೊಟ್ರಂತೆ. ಏನದು? ಭಾರತದ ಗಂಧದೆಣ್ಣೆ ಹಾಕಿ ಮಾಡಿದ ಸೋಪುಗಳ ಒಂದು ಪೆಟ್ಟಿಗೆ. ಎಣ್ಣೆ ನಮ್ಮದು, ಸೋಪು ಮಾತ್ರ ಬೇರೆಯವರದ್ದು. ಈ ಸೋಪನ್ನ ನಾವೇ ಯಾಕೆ ಮಾಡಬಾರದು ಅನ್ನೋ ಯೋಚನೆ ಅಲ್ಲಿಂದಲೇ ಬಂತು ಅನ್ನೋದು ಮೈಸೂರು ಸ್ಯಾಂಡಲ್ ಸೋಪಿನ ಹುಟ್ಟಿನ ಬಗ್ಗೆ ಹೇಳೋ ಕಥೆ. ಸೋಸಲೆ ಗರಳಪುರಿ ಶಾಸ್ತ್ರಿ ಅನ್ನೋ ರಸಾಯನಶಾಸ್ತ್ರಜ್ಞರನ್ನ ಇಂಗ್ಲೆಂಡಿಗೆ ಕಳಿಸಿ ಸೋಪಿನ ವಿದ್ಯೆ ಕಲಿಸಿದ್ರು. ಜನ ಅವರನ್ನ 'ಸೋಪು ಶಾಸ್ತ್ರಿ' ಅಂತಾನೇ ಕರೆದ್ರು. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಡಬ್ಬಿಯ ಥರ ಪೆಟ್ಟಿಗೆ, ಮೇಲೆ ಆನೆಯ ತಲೆ ಸಿಂಹದ ಮೈಯ ಶರಭ. ಇವತ್ತಿಗೂ ಅದೇ ಗುರುತು. 2006ರಲ್ಲಿ ಜಿಐ ಟ್ಯಾಗೂ ಸಿಕ್ತು.

1944ರಲ್ಲಿ ಶಿವಮೊಗ್ಗದಲ್ಲೂ ಒಂದು ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಂದ್ರೆ ಅಜ್ಜಿ ಮೂಸಿ ನೋಡಿದ ಆ ಘಮ ನಮ್ಮ ಜಿಲ್ಲೆಗೆ ಹಳೇ ನೆಂಟ. ಹೇಳಬೇಕಂದ್ರೆ ನನ್ನ ಊದುಬತ್ತಿ ನಕಲಿ ಅಲ್ಲ. ನಾನು ಅದನ್ನ ಕೊಂಡ ಊರು ತಪ್ಪು, ಅಷ್ಟೇ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. 'ಅಸಲಿ' ಅಂದ್ರೆ ಹೊರಗಿನ ಗಾಳಿಯೇ ಸೋಕದ್ದು ಅಂತಾನಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಎರಡು ಗೊಂಬೆಗಳು ಆ ನಂಬಿಕೆ ಮುರಿದವು.

ಮೊದಲನೇದು ರಷ್ಯಾದ ಮತ್ರ್ಯೋಷ್ಕಾ. ಒಂದರೊಳಗೆ ಒಂದು ಕೂರೋ ಮರದ ಗೊಂಬೆ. ಇದಕ್ಕಿಂತ ರಷ್ಯನ್ ವಸ್ತು ಇನ್ನೊಂದಿಲ್ಲ ಅನ್ನಿಸುತ್ತೆ. ಆದ್ರೆ ಅದು ಹುಟ್ಟಿದ್ದು 1890ರ ದಶಕದಲ್ಲಿ. ಮರ ಕಡೆದವರು ವಾಸಿಲಿ ಜ್ವ್ಯೋಜ್ದೋಚ್ಕಿನ್, ಬಣ್ಣ ಬರೆದವರು ಸೆರ್ಗೆಯ್ ಮಾಲ್ಯುತಿನ್. ಅವರಿಗೆ ಸ್ಫೂರ್ತಿ ಜಪಾನಿನಿಂದ ಬಂದ ಒಂದು ಗೊಂಬೆ ಅಂತ ಹೇಳ್ತಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಬಂತು, ಆಮೇಲೆ ಜಗತ್ತಿಗೆಲ್ಲ ಅದು ರಷ್ಯಾದ ಗುರುತಾಯ್ತು.

ಎರಡನೇದು ನಮ್ಮ ಚನ್ನಪಟ್ಟಣದ ಗೊಂಬೆ. ನಾನು ಚನ್ನಗಿರಿ ಅಂದ್ರೆ ಬೆಂಗಳೂರಲ್ಲಿ ಅರ್ಧ ಜನ "ಓ, ಗೊಂಬೆ ಊರಾ?" ಅಂತಾರೆ. ಅಲ್ಲಾರೀ, ಅದು ಚನ್ನಪಟ್ಟಣ, ಮೈಸೂರು ರೋಡು. ನಮ್ಮದು ಅಡಿಕೆ ಊರು! ಚನ್ನಪಟ್ಟಣಕ್ಕೆ ಈ ಕಲೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತು ಅನ್ನೋದು ಅಲ್ಲಿನ ನಂಬಿಕೆ. ಆಮೇಲೆ ಬಾವಾಸ್ ಮಿಯಾನ್ ಅನ್ನೋರು ಜಪಾನಿನ ತಂತ್ರ ತಂದು ಕಲಿಸಿದ್ರು ಅಂತ ನೆನೆಸ್ಕೊಳ್ತಾರೆ. ಹಾಲೆ ಮರದ ಹಗುರ ಕಟ್ಟಿಗೆ ಲೇತ್ ಮೇಲೆ ತಿರುಗ್ತಾ ಇರುತ್ತೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನ ಅದಕ್ಕೆ ಒತ್ತಿ ಹಿಡೀತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟ್ಕೊಳ್ಳುತ್ತೆ. ಕೊನೆಗೆ ಒಣಗಿದ ಗರಿಯಲ್ಲಿ ಉಜ್ಜಿದ್ರೆ ಹೊಳಪು.

ಪರ್ಷಿಯಾ, ಜಪಾನ್ ಎರಡರ ನೆನಪೂ ಇರೋ ಈ ಗೊಂಬೆ ಅಸಲಿ ಕರ್ನಾಟಕದ್ದಾ? ಹೌದು. ಯಾಕಂದ್ರೆ ವಿದ್ಯೆ ಎಲ್ಲಿಂದಲೇ ಬರಲಿ, ಈ ಊರಿನ ಮನೆಗಳು ತಲೆಮಾರಿನಿಂದ ಆ ಕೆಲಸದಲ್ಲೇ ಊಟ ಮಾಡ್ತಿವೆ. ಯಾರು ಮಾಡಿದ್ರು, ಎಲ್ಲಿ ಮಾಡಿದ್ರು, ದುಡ್ಡು ಯಾರಿಗೆ ಹೋಗುತ್ತೆ? ಈ ಮೂರಕ್ಕೆ ಉತ್ತರ ಇದ್ರೆ ಅದು ಅಸಲಿ. ಪ್ಲಾಸ್ಟಿಕ್ ಗೊಂಬೆಗಳ ಎದುರು ಚನ್ನಪಟ್ಟಣದ ಲೇತ್‌ಗಳು ಸೋತು ನಿಂತಿದ್ದ ದಿನಗಳಿದ್ದವು. ನಾವು ಡಬ್ಬಿ ತಿರುಗಿಸಿ ನೋಡದಿದ್ರೆ ನಷ್ಟ ಆಗೋದು ಅವರಿಗೆ.

ಇದಕ್ಕೇ ಕಾನೂನು ಬಂದಿದ್ದು. 1999ರಲ್ಲಿ ಜಿಐ ಕಾಯ್ದೆ ಪಾಸಾಯ್ತು, 2003ರಲ್ಲಿ ಜಾರಿಯಾಯ್ತು. ಚನ್ನಪಟ್ಟಣದ ಗೊಂಬೆ, ಬೀದರ್‌ನ ಬಿದರಿ, ಇಳಕಲ್ ಸೀರೆ, ಕಿನ್ನಾಳದ ಗೊಂಬೆ, ಜಗಳೂರಿನ ಪಕ್ಕದ ಸೀಮೆಯ ಮೊಳಕಾಲ್ಮೂರು ಸೀರೆ, ಎಲ್ಲಕ್ಕೂ ಈ ಟ್ಯಾಗ್ ಇದೆ.

ಹಾಗಾದ್ರೆ ದುಬೈಯಲ್ಲಿ ನಾನು ಏನು ತರಬೇಕಿತ್ತು? ವಾಪಸ್ ಬಂದ ಮೇಲೆ ಓದಿ ತಿಳ್ಕೊಂಡೆ. ಅಲ್ಲಿನ ಮರುಭೂಮಿಯ ಬೆದೂಯಿನ್ ಹೆಂಗಸರು ಕುರಿ, ಮೇಕೆ, ಒಂಟೆ ಕೂದಲಿನಿಂದ ನೇಯೋ 'ಸದು' ಅನ್ನೋ ನೇಯ್ಗೆ ಇದೆ. ನೇಯೋರು ಕಮ್ಮಿ ಆಗ್ತಿದ್ದಾರೆ ಅಂತ 2011ರಲ್ಲಿ ಯುನೆಸ್ಕೋ ಅದನ್ನ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಖರ್ಜೂರದ ಗರಿಯಲ್ಲಿ ಹೆಣೆಯೋ ಬುಟ್ಟಿ, ಚಾಪೆನೂ ಇವೆ. ಒಂದು ಸಣ್ಣ ಸದು ಪಟ್ಟಿ ತಂದಿದ್ರೂ ಸಾಕಿತ್ತು.

ಸದು ಬಗ್ಗೆ ಓದ್ತಾ ನನಗೆ ನೆನಪಾಗಿದ್ದು ನಮ್ಮ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಸಂತ ಸೇವಾಲಾಲರ ಹುಟ್ಟೂರು ಅಂತ ಲಂಬಾಣಿ ಜನ ನಂಬೋ ಕ್ಷೇತ್ರ. ಫೆಬ್ರವರಿಯಲ್ಲಿ ಜಯಂತಿ ಬಂದಾಗ ಬೇರೆ ರಾಜ್ಯಗಳಿಂದಲೂ ಜನ ಬರ್ತಾರೆ. ಅಲ್ಲಿ ಹಿರಿಯ ಹೆಂಗಸರು ತೊಟ್ಟ ಫೇಟಿಯಾ, ಕಾಂಚಳಿ ನೋಡಿ. ಕನ್ನಡಿ ಚೂರು, ಕವಡೆ, ನಾಣ್ಯ, ಬಣ್ಣದ ದಾರ. ಲಂಬಾಣಿಗರು ಒಂದು ಕಾಲದಲ್ಲಿ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಸಾಗಣೆಗಾರರು. 19ನೇ ಶತಮಾನದಲ್ಲಿ ರೈಲು ಬಂದು ಆ ಕಸುಬು ಹೋಯ್ತು, ಕಸೂತಿ ಉಳೀತು. ಮತ್ತೆ ಆ ಕವಡೆ? ಹಿಂದೆ ಭಾರತಕ್ಕೆ ಕವಡೆ ಬರ್ತಿದ್ದಿದ್ದೇ ಹೆಚ್ಚಾಗಿ ಮಾಲ್ಡೀವ್ಸ್‌ನಿಂದ. ನೋಡಿ, ಇಲ್ಲೂ ಸಮುದ್ರದಾಚೆಯ ವಸ್ತು ಒಂದು ಕೂತಿದೆ!

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಆ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಮಾಡ್ತು. ದುಬೈಗೆ ಹೋಗುವಾಗ ಇಂಥ ಒಂದು ಚೀಲ ಯಾರಿಗಾದ್ರೂ ಒಯ್ಯಬಹುದಿತ್ತು. ನನಗೆ ಹೊಳೆಯಲೇ ಇಲ್ಲ.

ಹೊರಡೋ ಮುಂಚೆ ನಾನು ಕಲಿತ ನಾಲ್ಕು ಮಾತು ಹೇಳ್ತೀನಿ.

ಒಂದು, ಏನೇ ಕೊಳ್ಳಿ, ತಿರುಗಿಸಿ ನೋಡಿ. ಡಬ್ಬಿಯ ಹಿಂದೆ ಊರಿನ ಹೆಸರು ಇರುತ್ತೆ. ಬಟ್ಟೆಯ ಹಿಂದೆ ಕೈ ಹೊಲಿಗೆಯ ಗಂಟು ಕಾಣುತ್ತೆ; ಪ್ರಿಂಟ್ ಮಾಡಿದ್ದಾದ್ರೆ ಹಿಂದೆ ಹೊಲಿಗೆಯೇ ಇರಲ್ಲ.

ಎರಡು, "ಇದನ್ನ ಯಾರು ಮಾಡಿದ್ದು?" ಅಂತ ಕೇಳಿ. ಗೊತ್ತಿದ್ದೋರು ಖುಷಿಯಾಗಿ ಕಥೆ ಹೇಳ್ತಾರೆ. ಗೊತ್ತಿಲ್ಲದೋರು ರೇಟು ಇಳಿಸ್ತಾರೆ.

ಮೂರು, ವಿಮಾನ ನಿಲ್ದಾಣಕ್ಕೆ ಅಂತ ಬಿಡಬೇಡಿ. ಮ್ಯೂಸಿಯಂ ಅಂಗಡಿ, ಕುಶಲಕರ್ಮಿಗಳ ಸಹಕಾರ ಸಂಘ, ಕೆಲಸ ಮಾಡೋ ಮನೆ, ಇವಕ್ಕೆ ಪ್ರವಾಸದ ಮೊದಲ ದಿನವೇ ಒಂದು ಗಂಟೆ ಇಡಿ.

ನಾಲ್ಕು, ಎಷ್ಟೇ ಅಸಲಿ ಆಗಿರಲಿ, ಆನೆದಂತ, ಹವಳ, ಕಾಡುಪ್ರಾಣಿಯ ಚರ್ಮ ಮುಟ್ಟಬೇಡಿ. 1975ರಿಂದ ಅಂತರರಾಷ್ಟ್ರೀಯ ಒಪ್ಪಂದ ಜಾರಿಯಲ್ಲಿದೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ರೆ ನೆನಪು ಬೇರೆ ಥರ ಉಳಿಯುತ್ತೆ.

ಅಂದ ಹಾಗೆ, ಆ ಊದುಬತ್ತಿ ಯಾವತ್ತೋ ಖಾಲಿ ಆಯ್ತು. ಬಂಗಾರದ ಡಬ್ಬಿಯನ್ನ ಮಾತ್ರ ಅಜ್ಜಿ ಎಸೆದಿಲ್ಲ. ಅದರಲ್ಲಿ ಈಗ ಅಡಿಕೆ ಇಟ್ಕೊಂಡಿದ್ದಾಳೆ. ಯಾರಾದ್ರೂ ಬಂದ್ರೆ, "ನನ್ನ ಮೊಮ್ಮಗ ದುಬೈನಿಂದ ತಂದಿದ್ದು" ಅಂತ ಡಬ್ಬಿ ಮುಂದೆ ಹಿಡೀತಾಳೆ. ಒಳಗಿನ ಅಡಿಕೆ ಮಾತ್ರ ಅಪ್ಪಟ ಚನ್ನಗಿರಿದು.

ನಿಮ್ಮ ಮನೆಯ ಶೋಕೇಸ್‌ನಲ್ಲಿ ಇರೋ ವಸ್ತುಗಳನ್ನ ಇವತ್ತು ಒಂದ್ಸಲ ತಿರುಗಿಸಿ ನೋಡಿ.