ಕೋವಿಯ ನಂಟರು

ಗುಂಡು ಹಾರಿಸುವ ಆಯುಧಕ್ಕೆ ಕನ್ನಡದಲ್ಲಿ ಹೆಸರುಗಳು ಹಲವು. ಒಂದೊಂದಕ್ಕೂ ಒಂದೊಂದು ತವರು. ‘ಬಂದೂಕು’ ಅರಬ್ಬಿಯ ‘ಬುಂದುಕ್’. ಅದಕ್ಕೆ ಮೊದಲು ಒಂದು ಬಗೆಯ ಕಾಯಿಯೆಂದೂ, ಬಳಿಕ ಗುಂಡೆಂದೂ ಅರ್ಥ. ಕಡೆಗೆ ಗುಂಡಿನ ಹೆಸರೇ ಆಯುಧಕ್ಕೂ ಸಂದಿತು. ‘ತುಪಾಕಿ’ ತುರ್ಕಿಯ ಕಡೆಯದು. ‘ಫಿರಂಗಿ’ ಮೂಲದಲ್ಲಿ ತೋಪಲ್ಲ, ಯುರೋಪಿನವನು. ಅವನ ಹೆಸರಿನಿಂದಲೇ 16ನೆಯ ಶತಮಾನದ ‘ಭಾವಪ್ರಕಾಶ’ದಲ್ಲಿ ಫಿರಂಗರೋಗ ಕಾಣಿಸಿಕೊಂಡಿತು, ಕಡಲಾಚೆಯಿಂದ ಬಂದ ಹಣ್ಣು ನಮ್ಮ ಹಿತ್ತಲಲ್ಲಿ ಪರಂಗಿಯಾಯಿತು.

‘ಕೋವಿ’ಯಾದರೋ ಅಚ್ಚಗನ್ನಡದ್ದು. ಕೊಳವೆಯೆಂಬುದೇ ಅದರ ಅರ್ಥ. ಹೊಸ ಆಯುಧವನ್ನು ಕಂಡ ನಮ್ಮವರು ಅದರ ಆಕಾರವನ್ನು ನೋಡಿ ಮನೆಯ ಮಾತನ್ನೇ ಕೊಟ್ಟರು.

ಪರಭಾಷೆಯ ಮಾತುಗಳನ್ನೆಲ್ಲ ಹೊರದೂಡಬೇಕೆನ್ನುವವರಲ್ಲಿ ನನ್ನದೊಂದು ಬಿನ್ನಹ: ಕೋವಿಯನ್ನು ಉಳಿಸೋಣ, ಬಂದೂಕನ್ನೂ ಬಿಡದಿರೋಣ. ಒಂದು ನಮ್ಮ ಜಾಣ್ಮೆಯನ್ನು ಹೇಳಿದರೆ ಇನ್ನೊಂದು ನಮ್ಮ ಚರಿತ್ರೆಯನ್ನು ಹೇಳುತ್ತದೆ.