‘ಎಎಂಡಿ64’ ಎಂದು ತೋರಿಸಿದರೆ ಕಂಪ್ಯೂಟರ್‌ನಲ್ಲಿ ಎಎಂಡಿ ಪ್ರೊಸೆಸರ್ ಇದೆ ಎಂದರ್ಥವೇ?

ಅಲ್ಲ. ಇಂಟೆಲ್ ಪ್ರೊಸೆಸರ್ ಇರುವ 64 ಬಿಟ್ ವಿಂಡೋಸ್ ಕಂಪ್ಯೂಟರ್ ಕೂಡ ಸ್ಕ್ರಿಪ್ಟ್ ಕೇಳಿದಾಗ ‘ಎಎಂಡಿ64’ ಎಂದೇ ಉತ್ತರಿಸುತ್ತದೆ. ಇಂತಹ ಹೆಸರುಗಳನ್ನು ತಪ್ಪಾಗಿ ಓದಿದರೆ ಬೇಡದ ಸಾಫ್ಟ್‌ವೇರ್ ಡೌನ್‌ಲೋಡ್ ಆಗುತ್ತದೆ, ಕೆಲವೊಮ್ಮೆ ಇನ್ನೂ ಬಾಳಿಕೆ ಬರುವ ಕಂಪ್ಯೂಟರ್ ಗುಜರಿಗೆ ಹೋಗುತ್ತದೆ.

ಯಾಕೆ ತಿಳಿಯಬೇಕು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂತಹ ಊರುಗಳ ಕಾಲೇಜು ಲ್ಯಾಬ್ ಅಥವಾ ಸೈಬರ್ ಸೆಂಟರ್‌ನಲ್ಲಿ ಹಳೆಯ, ಹೊಸ ಕಂಪ್ಯೂಟರ್‌ಗಳು ಒಟ್ಟಿಗೇ ಇರಬಹುದು. ಬಂಟ್ವಾಳದ ಗಡಿ ದಾಟಿ ಕಾಸರಗೋಡಿಗೆ ಹೋದರೆ, ಅಲ್ಲಿನ ಶಾಲೆಗಳಲ್ಲಿ ಕೇರಳದ ‘ಕೈಟ್’ ಸಂಸ್ಥೆ ಉಬುಂಟು ಆಧರಿಸಿ ರೂಪಿಸಿದ ಲಿನಕ್ಸ್ ಬಳಕೆಯಲ್ಲಿದೆ. ಎಲ್ಲ ಕಡೆಯೂ ಒಂದೇ ಸ್ಕ್ರಿಪ್ಟ್ ಕೆಲಸ ಮಾಡಬೇಕಾದರೆ ಅದು ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕು: ಇಲ್ಲಿರುವ ಆಪರೇಟಿಂಗ್ ಸಿಸ್ಟಮ್ ಯಾವುದು? ಪ್ರೊಸೆಸರ್‌ನ ಬಗೆ, ಅಂದರೆ ಆರ್ಕಿಟೆಕ್ಚರ್, ಯಾವುದು?

ಸ್ಕ್ರಿಪ್ಟ್ ಹೇಗೆ ಕೇಳುತ್ತದೆ?

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಯುನೇಮ್’ ಎಂಬ ಆದೇಶವಿದೆ. ಅದರ ಮುಂದೆ ಹೈಫನ್ ಮತ್ತು ‘ಎಸ್’ ಸೇರಿಸಿದರೆ ಸಿಸ್ಟಮ್‌ನ ಹೆಸರು, ಹೈಫನ್ ಮತ್ತು ‘ಎಂ’ ಸೇರಿಸಿದರೆ ಆರ್ಕಿಟೆಕ್ಚರ್ ಬರುತ್ತದೆ. ಮ್ಯಾಕ್ ತನ್ನ ಹೆಸರನ್ನು ‘ಡಾರ್ವಿನ್’ ಎಂದು ಹೇಳುತ್ತದೆ. ಪೈಥಾನ್‌ನಲ್ಲಿ ‘ಪ್ಲಾಟ್‌ಫಾರ್ಮ್’ ಎಂಬ ಮಾಡ್ಯೂಲ್ ವಿಂಡೋಸ್ ಸೇರಿದಂತೆ ಎಲ್ಲ ಕಡೆಯೂ ಇದೇ ಕೆಲಸ ಮಾಡುತ್ತದೆ.

ಹೆಸರುಗಳ ಗೊಂದಲ

ಇಂಟೆಲ್ 1978ರಲ್ಲಿ ತಂದ 8086 ಚಿಪ್‌ನಿಂದ ‘ಎಕ್ಸ್86’ ಎಂಬ ಹೆಸರು ಬಂತು. ಅದನ್ನು 64 ಬಿಟ್‌ಗೆ ವಿಸ್ತರಿಸಿದ್ದು ಎಎಂಡಿ. 2003ರಲ್ಲಿ ಆಪ್ಟೆರಾನ್ ಚಿಪ್‌ನೊಂದಿಗೆ ಇದು ಮಾರುಕಟ್ಟೆಗೆ ಬಂತು, ಮರುವರ್ಷ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಹಾಗಾಗಿ ವಿಂಡೋಸ್‌ನ ‘ಎಎಂಡಿ64’, ಲಿನಕ್ಸ್‌ನ ‘ಎಕ್ಸ್86_64’ ಎರಡೂ ಒಂದೇ. ಇವು ಆರ್ಕಿಟೆಕ್ಚರ್‌ನ ಹೆಸರುಗಳೇ ಹೊರತು ಕಂಪನಿಯ ಗುರುತಲ್ಲ. ಮೊಬೈಲ್‌ಗಳಲ್ಲಿ ಹೆಚ್ಚಾಗಿರುವ ‘ಆರ್ಮ್’ ಬೇರೆಯೇ ಬಗೆ.

ಇನ್ನೂ ಎರಡು ತಪ್ಪು ಕಲ್ಪನೆಗಳಿವೆ. 64 ಬಿಟ್ ವಿಂಡೋಸ್‌ನಲ್ಲೂ ಪೈಥಾನ್ ತನ್ನ ಒಂದು ಉತ್ತರದಲ್ಲಿ ‘ವಿನ್32’ ಎಂದು ಹೇಳುತ್ತದೆ. ‘ಸಿಸ್ಟಮ್32’ ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಫೈಲ್‌ಗಳೇ. ಹಳೆಯ ಸಾಫ್ಟ್‌ವೇರ್‌ಗಳು ಕೆಟ್ಟುಹೋಗದಿರಲಿ ಎಂದು ಹಳೆಯ ಹೆಸರುಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಉತ್ತರ ತಪ್ಪುವುದು ಎಲ್ಲಿ?

64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಕೇಳಿದರೆ ‘ಎಕ್ಸ್86’ ಎಂಬ ಉತ್ತರ ಸಿಗಬಹುದು. ಆಪಲ್‌ನ ಹೊಸ ಚಿಪ್‌ಗಳಲ್ಲಿ ರೊಸೆಟ್ಟಾ ಮೂಲಕ ಓಡುವ ಪ್ರೋಗ್ರಾಂಗೆ ತಾನು ಇಂಟೆಲ್ ಮೇಲಿದ್ದೇನೆ ಎಂದೇ ಕಾಣುತ್ತದೆ. 64 ಬಿಟ್ ಪ್ರೊಸೆಸರ್ ಮೇಲೆ 32 ಬಿಟ್ ಲಿನಕ್ಸ್ ಹಾಕಿದ್ದರೆ ‘ಯುನೇಮ್’ ಹೇಳುವುದು 32 ಬಿಟ್ ಹೆಸರನ್ನು. ಅಂದರೆ ಸ್ಕ್ರಿಪ್ಟ್‌ಗೆ ಸಿಗುವ ಉತ್ತರ ಯಾವಾಗಲೂ ಚಿಪ್‌ನದ್ದಲ್ಲ, ಎಷ್ಟೋ ಸಲ ಅದು ಓಡುತ್ತಿರುವ ವಾತಾವರಣದ್ದು.

ಹಾಗಾದರೆ ಏನು ಮಾಡಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿ ಇಲ್ಲ. ‘32 ಬಿಟ್’ ಎಂದು ಕಂಡ ಕೂಡಲೇ ಹೊಸ ಕಂಪ್ಯೂಟರ್ ಕೊಳ್ಳಲು ಹೊರಡುವ ಮುನ್ನ ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ‘ಅಬೌಟ್’ ತೆರೆದು ನೋಡಿ. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಪ್ರೊಸೆಸರ್ ಎರಡರ ಬಗೆಯೂ ಬೇರೆ ಬೇರೆಯಾಗಿ ಬರೆದಿರುತ್ತದೆ. ಸಿಸ್ಟಮ್ 32 ಬಿಟ್, ಪ್ರೊಸೆಸರ್ ‘ಎಕ್ಸ್64’ ಎಂದಿದ್ದರೆ ಆ ಕಂಪ್ಯೂಟರ್‌ಗೆ 64 ಬಿಟ್ ಲಿನಕ್ಸ್ ಹಾಕಿಕೊಳ್ಳಬಹುದು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಮೊದಲಾದ ಬೇರೆ ಷರತ್ತುಗಳೂ ಇವೆ. ಯಾವುದನ್ನೇ ಹಾಕುವುದಾದರೂ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕಾಗುತ್ತದೆ, ಆದ್ದರಿಂದ ಮೊದಲು ಫೈಲ್‌ಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.